ಮುಟ್ಟಿದರೆ ನುಡಿಯುವ ಹಲಗೆ

ಹೋಟೆಲಿನ ಪಿಯಾನೊಗೆ ಗೆದ್ದಲು ಹಿಡಿದದ್ದೇ ಎಲ್ಲಕ್ಕೂ ಕಾರಣ. ಊಟದ ಹಾಲ್‌ನಲ್ಲಿ ವರ್ಷಗಟ್ಟಲೆ ಅದನ್ನು ನುಡಿಸಿಕೊಂಡಿದ್ದ ಮಾಸ್ಟರಿಗೆ ಮಾಲೀಕರು, "ನಿಮ್ದೇ ವಾದ್ಯ ತನ್ನಿ. ಶನಿವಾರ ಸಂಜೆ ನೋಡಿ ಹೇಳ್ತೀನಿ, ಕೆಲ್ಸ ಇದೆಯೋ ಇಲ್ವೋ ಅಂತ" ಎಂದಿದ್ದರು.

ಮಾಸ್ಟರ್ ಒಂದು ಮಿಡಿ ಕಂಟ್ರೋಲರ್ ತಂದರು. ಅದೊಂದು ಕಪ್ಪು ರಬ್ಬರಿನ ಹಲಗೆ, ಮೇಲೆಲ್ಲ ಚೌಕಗಳು. ಅದಕ್ಕೆ ಸ್ವಂತ ದನಿಯಿಲ್ಲ; ವೈರಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯಾವ ಚೌಕ ಮುಟ್ಟಿದರೆ ಯಾವ ಸದ್ದು ಬರಬೇಕೆಂದು ನಾವೇ ಹೇಳಿಕೊಡಬೇಕು. ಮುಟ್ಟಿದರೆ ಮುನಿ ಗಿಡಕ್ಕಿಂತ ಸೂಕ್ಷ್ಮ. ಗಾಳಿಗೆ ಪರದೆಯ ಅಂಚು ತಗುಲಿದರೂ "ಕುಂಯ್" ಎನ್ನುತ್ತಿತ್ತು.

ಶನಿವಾರ ಬೆಳಗ್ಗೆ ಮನೆಯಲ್ಲಿ ಮಾಸ್ಟರ ಅತ್ತೆ ಅದರ ಮೇಲೆ ತೊಳೆದ ಲೋಟಗಳನ್ನು ಬೋರಲು ಹಾಕಿದ್ದರು.

"ನೀರು ಸೋರಲಿ ಅಂತ ತಂದಿರೋ ಹಾಸು ಅಂದ್ಕೊಂಡೆ ಕಣಪ್ಪ. ವಾದ್ಯ ಅಂದ್ರೆ ವಾದ್ಯದ ಥರ ಇರಬೇಡ್ವಾ?"

ಒರೆಸಿ ಒಣಗಿಸುವಷ್ಟರಲ್ಲಿ ಮಾಸ್ಟರಿಗೆ ಸುಸ್ತಾಯಿತು. ಊಟ ಮಾಡಿ ಒಂದು ಗಳಿಗೆ ಕಣ್ಣು ಮುಚ್ಚಿದರು. ಮೊಬೈಲ್ ರಿಪೇರಿ ಮಾಡುವ ಭಾವಮೈದುನನಿಗೆ ಅಷ್ಟು ಸಾಕಾಯಿತು. ಅವನು ಲ್ಯಾಪ್‌ಟಾಪ್ ತೆರೆದು ಕೂತ. ಪಕ್ಕದ ಮನೆಯ ಡ್ರೈವರ್ ಸಲಹೆ ಕೊಡಲು ಬಂದರು.

ಮಾಸ್ಟರ್ ಎದ್ದಾಗ ಭಾವಮೈದುನ ಹೆಮ್ಮೆಯಿಂದ ಹೇಳಿದ: "ಭಾವ, ಕೆಳಗಿನ ಸಾಲು ಸುಮ್ನೆ ಖಾಲಿ ಬಿದ್ದಿತ್ತು. ತುಂಬಿಸಿದೀನಿ."

"ಏನು ತುಂಬಿಸಿದ್ದೀಯ?"

"ಬಸ್ಸಿನ ಹಾರ್ನ್," ಎಂದರು ಡ್ರೈವರ್. "ಎದುರಿಗಿರೋರು ಎಚ್ಚರವಾಗಿರ್ತಾರೆ."

"ಚಪ್ಪಾಳೆ ನಾನೇ ಹಾಕ್ಸಿದ್ದು," ಎಂದರು ಅತ್ತೆ. "ಜನ ತಟ್ಟದಿದ್ರೆ ಕೈಗೆ ಸಿಗೋ ಹಾಗಿರಲಿ."

"ಒಂದು ನಾಯಿನೂ ಇದೆ ಭಾವ. ಚೌಕ ಉಳೀತು."

ಅಳಿಸಲು ಹೊತ್ತಿರಲಿಲ್ಲ. ಕೆಳಗಿನ ಸಾಲಿನ ಕಡೆ ಬೆರಳು ಹಾಕದಿದ್ದರಾಯಿತು ಎಂದು ಮಾಸ್ಟರ್ ಬಾಡಿಗೆ ಕೋಟು ತೊಟ್ಟು ಹೊರಟರು. ಬೆರಳನ್ನೇನೋ ಹಿಡಿತದಲ್ಲಿಟ್ಟುಕೊಳ್ಳಬಹುದಿತ್ತು. ಕೋಟಿನ ತೋಳು ಮಾತ್ರ ಗೇಣುದ್ದ ಜಾಸ್ತಿಯಿತ್ತು.

ಸಂಜೆ ಹಾಲ್ ಜನರಿಂದ ತುಂಬಿತ್ತು. ಮಾಸ್ಟರ್ ನಿಧಾನವಾದ ಒಂದು ವಿರಹದ ರಾಗ ಎತ್ತಿಕೊಂಡರು. ಪ್ರಿಯತಮೆ ಇನ್ನೇನು ಕಣ್ಣೀರಿಡಬೇಕು, ತೋಳು ಜೋತುಬಿದ್ದು ಬಸ್ಸು ಬಂತು. ಹಿರಿಯರೊಬ್ಬರ ಚಮಚ ಸೂಪಿನೊಳಗೆ ಮುಳುಗಿತು. ಗಾಬರಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರೆ ನಾಯಿ ಬೊಗಳಿತು. ಮೇಜಿನ ಕೆಳಗೆ ಬಗ್ಗಿ ನೋಡಿದವರು ಕೆಲವರು, ಕಾಲು ಮೇಲಕ್ಕೆತ್ತಿಕೊಂಡವರು ಹಲವರು. ತೋಳು ಮಡಿಸಲು ಹೋದಾಗ, ಯಾರೂ ತಟ್ಟದ ಚಪ್ಪಾಳೆ ಹಾಲ್ ತುಂಬ ಮೊಳಗಿತು.

ಕೌಂಟರಿನಿಂದ ಮಾಲೀಕರು ಕತ್ತು ಉದ್ದ ಮಾಡಿದರು. ಮಾಸ್ಟರಿಗೆ ಬೇರೆ ದಾರಿ ತೋಚಲಿಲ್ಲ. ಮೇಜಿನಡಿ ಕೈ ಹಾಕಿ ವೈರು ಕಿತ್ತರು.

ಸದ್ದು ನಿಂತಿತು. ಎದ್ದು ಹೋಗಲು ಧೈರ್ಯ ಸಾಲದೆ ಅವರು ಬೆರಳು ಆಡಿಸುತ್ತಲೇ ಇದ್ದರು. ಹಲಗೆಯೊಳಗೆ ಬ್ಯಾಟರಿ ಇದ್ದುದರಿಂದ ಮುಟ್ಟಿದ ಚೌಕಗಳು ಕೆಂಪು, ನೀಲಿ, ಹಸಿರಾಗಿ ಬೆಳಗಿ ಆರುತ್ತಿದ್ದವು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ರಾಗ ಮುಗಿಸಿದರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ನುಡಿಸಿರಲಿಲ್ಲ. ಕೇಳಿದವರು ಮಾತ್ರ ಅವರೊಬ್ಬರೇ. ಕಣ್ಣು ತೆರೆದರೆ ಜನ ಊಟ ಮಾಡುತ್ತಾ, ಹರಟುತ್ತಾ, ನಡುನಡುವೆ ದೀಪಗಳನ್ನು ನೋಡಿ ತಲೆದೂಗುತ್ತಿದ್ದರು.

ಹಾಲ್ ಖಾಲಿಯಾದ ಮೇಲೆ ಮಾಲೀಕರು ಹತ್ತಿರ ಬಂದರು.

"ನೀವು ವೈರ್ ಕಿತ್ತಿದ್ದು ನೋಡ್ದೆ ಮಾಸ್ಟರ್."

"ತಪ್ಪಾಯ್ತು. ನಾಳೆ ಎಲ್ಲಾ ಸರಿ ಮಾಡ್ಕೊಂಡು ಬರ್ತೀನಿ. ಇನ್ನೊಂದೇ ಒಂದು ಅವಕಾಶ ಕೊಡಿ."

"ಯಾಕೆ ಸರಿ ಮಾಡ್ಬೇಕು? ನಿಮ್ಮ ಕೆಲ್ಸ ಖಾಯಂ," ಎಂದು ಮಾಲೀಕರು ಬಗ್ಗಿ ವೈರನ್ನು ಎತ್ತಿಕೊಂಡು, ನೀಟಾಗಿ ಸುತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. "ಊಟಕ್ಕೆ ಕೂತ್ರೆ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ ಅಂತ ಗಿರಾಕಿಗಳು ಎಷ್ಟು ವರ್ಷದಿಂದ ದೂರ್ತಾ ಇದ್ರು ಗೊತ್ತಾ? ಏನ್ಮಾಡ್ಲಿ, ಪಿಯಾನೊಗೆ ಕೀಳೋಕೆ ವೈರೇ ಇರ್ಲಿಲ್ಲ."