ಅರೆನಿದ್ದೆಯೋ, ಪೂರ್ತಿ ನಿದ್ದೆಯೋ?

ಕೋಲ್ಕತ್ತದಲ್ಲಿ ಹೊಟ್ಟೆಯೆಂಬುದು ಖಾಸಗಿ ವಿಷಯವೇ ಅಲ್ಲ. ಬೆಳಗ್ಗೆ ಲಿಫ್ಟಿನಲ್ಲಿ ಸಿಕ್ಕವರೂ ಅದರ ಕ್ಷೇಮ ವಿಚಾರಿಸುತ್ತಾರೆ. ನನ್ನ ದೊಡ್ಡ ಕರುಳಿನಲ್ಲಿ ಹುಣ್ಣಿದೆ, ಅದು ಬಿಟ್ಟುಹೋಗುವ ಕಾಯಿಲೆಯಲ್ಲ, ಆಗಾಗ ಕೊಳವೆ ಹಾಕಿ ನೋಡುತ್ತಿರಬೇಕು ಎಂದು ಡಾಕ್ಟರು ಹೇಳಿದ ಮರುದಿನವೇ ಸಾಲ್ಟ್ ಲೇಕಿನ ನಮ್ಮ ಸಾಫ್ಟ್‌ವೇರ್ ಆಫೀಸು ಎರಡು ಪಕ್ಷವಾಯಿತು. ಆ ಕೊಳವೆ ಪರೀಕ್ಷೆಗೆ, ಅಂದರೆ ಕೊಲೊನೊಸ್ಕೋಪಿಗೆ, ಅರೆನಿದ್ದೆಯ ಇಂಜೆಕ್ಷನ್ ಸಾಕು ಎನ್ನುವವರು ಒಂದು ಕಡೆ, ಅರಿವಳಿಕೆ ಡಾಕ್ಟರನ್ನು ಕರೆಸಿ ಪೂರ್ತಿ ಮಲಗಿಸಿಬಿಡಬೇಕು ಎನ್ನುವವರು ಇನ್ನೊಂದು ಕಡೆ. ಪಕ್ಕದ ಕುರ್ಚಿಯ ಘೋಷ್ ಬಾಬು ಮಾತ್ರ ತಮ್ಮ ಮಾವನವರು ಸೂಜಿಯೇ ಇಲ್ಲದೆ ಮಾಡಿಸಿಕೊಂಡ ಶೌರ್ಯವನ್ನು ವರ್ಣಿಸಿದರು. ಮಾವನವರು ಈಗ ಹೇಗಿದ್ದಾರೆ ಎಂದು ಕೇಳಿದೆ. "ಚೆನ್ನಾಗಿದ್ದಾರೆ ದಾದಾ. ಆ ಡಾಕ್ಟರ ಜೊತೆ ಮಾತ್ರ ಇವತ್ತಿಗೂ ಮಾತಿಲ್ಲ" ಎಂದರು.

ನಾನು ವೃತ್ತಿಧರ್ಮ ಬಿಡದೆ ಎಕ್ಸೆಲ್ ಶೀಟು ಮಾಡಿದೆ. ನೋವು, ಅಪಾಯ, ಎಚ್ಚರವಾಗಲು ಹಿಡಿಯುವ ಹೊತ್ತು. ಕೊನೆಯದೊಂದು ಕಾಲಂ ಯಾರಿಗೂ ಕಾಣದಂತೆ ಅಡಗಿಸಿದ್ದೆ: ಬಾಯಿಬಿಡುವ ಸಾಧ್ಯತೆ. ಅರೆನಿದ್ದೆಯಲ್ಲಿ ಕೆಲವರು ಏನೇನೋ ಮಾತಾಡುತ್ತಾರಂತೆ, ಆಮೇಲೆ ನೆನಪೂ ಇರುವುದಿಲ್ಲವಂತೆ. ನನ್ನಲ್ಲೊಂದು ಗುಟ್ಟಿತ್ತು. ಹೊಟ್ಟೆ ಮೊದಲು ಕೆಟ್ಟಾಗಿನಿಂದ ಹೆಂಡತಿ ಸುಮಾ ಪಥ್ಯಕ್ಕೆಂದು ದಿನವೂ ಕಟ್ಟಿಕೊಡುವ ಮೊಸರನ್ನವನ್ನು ಎಂಟು ತಿಂಗಳಿಂದ ತಿನ್ನುತ್ತಿದ್ದವರು ಘೋಷ್ ಬಾಬು. ನಾನು ಕೆಳಗಿಳಿದು ಗೂಡಂಗಡಿಯಲ್ಲಿ ಬೇಗುನಿ, ಅಂದರೆ ಇಲ್ಲಿಯ ಬದನೆಕಾಯಿ ಬಜ್ಜಿ, ತಿನ್ನುತ್ತಿದ್ದೆ. ಖಾಲಿ ಡಬ್ಬಿ ಕಂಡು ಅವಳು ಹಿಗ್ಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು. ಆ ನಾಚಿಕೆ ಮಾರನೆಯ ಮಧ್ಯಾಹ್ನದವರೆಗೆ ಇರುತ್ತಿತ್ತು.

"ಹುಣ್ಣಾದ ಕರುಳು, ನೋವು ಜಾಸ್ತಿಯಾಗಬಹುದು. ಒಮ್ಮೆ ಹೆದರಿದರೆ ಮುಂದಿನ ಸಲ ನೀವು ಈ ಕಡೆ ತಲೆಹಾಕುವುದಿಲ್ಲ. ಯಾವುದು ಬೇಕು, ಹೇಳಿ" ಎಂದರು ಡಾಕ್ಟರು. ಅವರ ಮಾತು ಮುಗಿಯುವ ಮೊದಲೇ ಪೂರ್ತಿ ನಿದ್ದೆ ಎಂದೆ.

"ಪೂರ್ತಿ ಮಲಗ್ಸಿ, ಏಳ್ದೇ ಹೋದ್ರೆ?" ಎಂದಳು ಸುಮಾ. ಕಣ್ಣು ತುಂಬಿತ್ತು.

"ನೋವು ತಡ್ಯೋಕಾಗಲ್ಲ ಕಣೇ" ಎಂದೆ. ಎಂಥ ವೀರ!

ಹಾಲಿನಂಥ ಮದ್ದು ಏರಿಸಿ ಹತ್ತರಿಂದ ಹಿಂದಕ್ಕೆ ಎಣಿಸಿ ಎಂದರು. ಎಂಟು ಎಂದದ್ದು ನೆನಪಿದೆ. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಆದರೆ ಸುಮಾ ತುಟಿ ಬಿಚ್ಚಲಿಲ್ಲ. ಟ್ಯಾಕ್ಸಿ ಸದರ್ನ್ ಅವೆನ್ಯೂ ತಲುಪಿದರೂ ಕಿಟಕಿಯಾಚೆಗೇ ನೋಡುತ್ತಿದ್ದಳು. ಪೂರ್ತಿ ನಿದ್ದೆಯಲ್ಲೂ ಒದರಿಬಿಟ್ಟೆನೇ? ನಾನಾಗಿಯೇ ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾದೀತೆಂದು ಘೋಷ್ ಬಾಬು, ಬೇಗುನಿ, ಎಂಟು ತಿಂಗಳು, ಎಲ್ಲವನ್ನೂ ಹೇಳಿಬಿಟ್ಟೆ. ಯಾರೂ ಕೇಳದ ಶನಿವಾರದ ಜಿಲೇಬಿಯನ್ನೂ ಸೇರಿಸಿದೆ.

ಸುಮಾ ಇತ್ತ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು. "ನೀವು ಕಣ್ಬಿಟ್ರಲ್ಲಾ ಅಂತ ಮಾತೇ ಹೊರಡ್ತಿರ್ಲಿಲ್ಲ ಕಣ್ರೀ. ದೇವ್ರಿಗೆ ಕೈ ಮುಗೀತಾ ಕೂತಿದ್ದೆ. ಏನಂದ್ರಿ? ಯಾವ ಘೋಷು?"

ಸೋಮವಾರದಿಂದ ಎರಡು ಡಬ್ಬಿ ಹೊರುತ್ತಿದ್ದೇನೆ, ಒಂದು ನನಗೆ, ಒಂದು ಘೋಷ್ ಬಾಬುಗೆ. ನಾನು ತಿಂದು ಮುಗಿಸಿದ್ದನ್ನು ಕಣ್ಣಾರೆ ನೋಡಿ ಅವರು ಸುಮಾಗೆ ಫೋನು ಮಾಡಬೇಕು. ಆ ಮನುಷ್ಯ ಒಂದು ದಿನವೂ ತಪ್ಪಿಸಿಲ್ಲ; ಅವರ ಡಬ್ಬಿಗೆ ದಾಳಿಂಬೆ ಕಾಳು ಬೇರೆ ಬೀಳುತ್ತದೆ. ಸುಳ್ಳೇಕೆ, ಕರುಳೂ ತೆಪ್ಪಗಿದೆ, ನಾನೂ ಸುಖವಾಗಿದ್ದೇನೆ. ಮುಂದಿನ ಸಲ ಯಾವ ನಿದ್ದೆ ಬೇಕೆಂದು ಡಾಕ್ಟರು ಕೇಳಿದರೆ ಉತ್ತರ ಸಿದ್ಧವಿದೆ: ಪರೀಕ್ಷೆಗೆ ಯಾವುದಾದರೂ ಆದೀತು, ಟ್ಯಾಕ್ಸಿಯಲ್ಲಿ ಮನೆ ಮುಟ್ಟುವವರೆಗೆ ಮಾತ್ರ ಪೂರ್ತಿಯದೇ ಬೇಕು.