ಖಾಲಿ ಸೈಟಿನ ಹುಲಿ ಪತಂಗ

ಹುಲಿ ಪತಂಗ ಹುಡುಕಿಕೊಂಡು ಹೊರಟರೆ ನನಗೆ ಪತಂಗ ಸಿಗುತ್ತೋ ಇಲ್ಲವೋ, ಪೇಚಾಟವಂತೂ ಸಿಕ್ಕೇ ಸಿಗುತ್ತದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು. ಈ ಪತಂಗ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಿಳಿ ರೆಕ್ಕೆ, ಮೇಲೆ ಕೆಂಪು, ಕಪ್ಪು ಚುಕ್ಕೆ. ಹಗಲಲ್ಲೂ ಹಾರುತ್ತದೆ. ನಮ್ಮ ಕಗ್ಗದಾಸಪುರದ ಖಾಲಿ ಸೈಟುಗಳ ಗಿಲಿಗಿಚ್ಚಿ ಗಿಡವೇ ಅದರ ಮನೆ, ಅದರ ಮರಿಹುಳುಗಳ ಊಟ.

ಶಿವಾಜಿನಗರದಲ್ಲಿ ಬಲೆ

ರಸೆಲ್ ಮಾರುಕಟ್ಟೆ ಹತ್ತಿರದ ಅಂಗಡಿಯೊಂದರಲ್ಲಿ, "ಪತಂಗ ಹಿಡಿಯೋಕೆ ಬಲೆ ಇದೆಯಾ?" ಅಂತ ಕೇಳಿದೆ.

"ಬಲೆ ಯಾಕೆ ಮೇಡಂ? ದಾರ ಸಾಕು" ಅಂದರು ಅಂಗಡಿಯವರು.

"ದಾರ ಕಟ್ಟಿದ್ರೆ ಸತ್ತೋಗುತ್ತೆ."

ಅವರು ಸ್ಟೂಲಿನಿಂದ ಎದ್ದರು. "ಯಾವ ಕಲರ್?"

"ಬಿಳಿ, ಮೇಲೆ ಕೆಂಪು ಚುಕ್ಕೆ."

ಒಳಗೆ ಹೋಗಿ ಒಂದು ಬಿಳಿ ಗಾಳಿಪಟ ತಂದರು. ಅವರ ಮನೆಮಾತಿನಲ್ಲಿ ಪತಂಗ್ ಅಂದರೆ ಗಾಳಿಪಟ ಅನ್ನೋದು ನನಗೆ ಆಗ ಹೊಳೆಯಿತು.

"ಚುಕ್ಕೆ ನೀವೇ ಹಾಕ್ಕೊಳ್ಳಿ, ಬಾಲ ನಾನು ಕೊಡ್ತೀನಿ" ಅಂದರು.

ಅಜ್ಜಿಯ ಅಕ್ಕಿ

ಸೈಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆ ತಿರುಗಿಸಿ ನೋಡುತ್ತಿದ್ದೆ. ಎದುರುಮನೆ ಅಜ್ಜಿ ಬಂದು, "ಏನಮ್ಮಾ ಹುಡುಕ್ತಿದ್ದೀಯಾ?" ಅಂದರು.

"ಹುಳು, ಅಜ್ಜಿ."

"ಅಯ್ಯೋ, ಬಿಸಿಲಲ್ಲಿ ಯಾಕೆ? ಬಾ ಒಳಗೆ." ಫ್ಯಾನಿನ ಕೆಳಗೆ ಕೂರಿಸಿ, ಕಾಫಿ ಕೊಟ್ಟು, ಮೊರದ ತುಂಬ ಅಕ್ಕಿ ತಂದು ಮುಂದಿಟ್ಟರು. ಕಾಫಿ ಕುಡಿದ ಮೇಲೆ ಏಳೋದು ಹೇಗೆ? ಪೂರ್ತಿ ಆರಿಸಿಕೊಟ್ಟೆ.

ಹೊರಡುವಾಗ ಅಜ್ಜಿ, "ಹೆಸರುಬೇಳೇಲಿ ಇನ್ನೂ ದಪ್ಪಗಿವೆ, ನಾಳೆ ಬಾ" ಅಂದರು.

ಎರಡು ಹುಲಿ

ಕೊನೆಗೆ ಗಿಲಿಗಿಚ್ಚಿ ಉಳಿದದ್ದು ಒಂದೇ ಸೈಟಿನಲ್ಲಿ. ಅದನ್ನೂ ಮಾಲೀಕರು ನಾಳೆ ಕ್ಲೀನ್ ಮಾಡಿಸ್ತಾರಂತೆ ಅಂತ ತಿಳಿಯಿತು. ರಸ್ತೆಯಲ್ಲೇ ನಿಂತು ಗೆಳತಿಗೆ ಫೋನ್ ಮಾಡಿದೆ: "ಎರಡು ಹುಲಿ ನೋಡ್ದೆ ಕಣೇ. ಮರಿಗಳೂ ಇವೆ. ಗಿಡ ತೆಗೆದ್ರೆ ಅವು ಎಲ್ಲಿಗೆ ಹೋಗ್ತವೆ?"

ಮೇಲಿನ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು. ಸಂಜೆಯೊಳಗೆ ಬೀದಿಯ ಗೇಟುಗಳಿಗೆಲ್ಲ ಬೀಗ.

ಬೆಳಿಗ್ಗೆ ಜೆಸಿಬಿ ಬಂತು. ಚಾಲಕ ಇಳಿಯಲೇ ಇಲ್ಲ. "ಹುಲಿ ಇದೆಯಂತೆ ಸಾರ್, ನಾನು ಗಾಡಿ ಒಳಗೆ ಬಿಡಲ್ಲ."

ಸೈಟಿನ ಮಾಲೀಕರು ರೇಗಿದರು. ನಾನು ಓಡಿಹೋಗಿ ಎಲೆ ಮೇಲಿದ್ದ ಪತಂಗ ತೋರಿಸಿದೆ. "ಸಾರ್, ನಾನು ಹೇಳಿದ್ದು ಈ ಹುಲಿ."

ಮಾಲೀಕರು ನಕ್ಕುಬಿಟ್ಟರು. "ನೋಡಪ್ಪಾ, ಇಷ್ಟೇ. ನಡಿ ಒಳಗೆ."

"ನೀವು ಮುಂದೆ ನಡೀರಿ ಸಾರ್, ನಾನು ಹಿಂದೆ ಬರ್ತೀನಿ."

ಮಾಲೀಕರು ಒಂದು ಹೆಜ್ಜೆ ಇಟ್ಟರು. ಎದೆಮಟ್ಟ ಬೆಳೆದ ಗಿಡದೊಳಗೆ ಏನೋ ಸರಕ್ ಅಂದಿತು. ಹೆಜ್ಜೆ ಹಿಂದಕ್ಕೆ ತೆಗೆದು, ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಮೇಡಂ, ದೊಡ್ಡದು ಇಲ್ಲ ತಾನೇ?"

"ನಾನಂತೂ ಇನ್ನೂ ನೋಡಿಲ್ಲ ಸಾರ್" ಅಂದೆ. ಹೇಳಿದ್ದು ನಿಜವನ್ನೇ.

ಜೆಸಿಬಿ ರಿವರ್ಸಿನಲ್ಲೇ ಮೇನ್ ರೋಡ್ ಸೇರಿತು.