ಬಿಸಿಲಿಗಿಡಬಾರದ ಸೆಲ್ಲು

ನಮ್ಮ ಮನೆಯಲ್ಲಿ ಹೆರಿಗೆ ಹತ್ತಿರ ಬಂತೆಂದರೆ ಬಸುರಿಗಿಂತ ಮೊದಲು ಉಳಿದವರ ತಲೆ ತಿರುಗುತ್ತದೆ. ಚಿತ್ರದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದ ನನ್ನದೂ ಸೇರಿ.

೧. ಸೆಲ್ಲು

ಮನೆಗೊಂದು ಮೊಬೈಲು ಬಂದಿದ್ದ ಕಾಲ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ದಿನ ತುಂಬಲು ಇನ್ನೊಂದೇ ವಾರ. ಯಾವುದೋ ಕಂಪನಿಯಾಕೆ ಬಂದು, "ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿಯ ರಕ್ತ ತೆಗೆದು, ಅದರ ಸ್ಟೆಮ್ ಸೆಲ್ ತಂಪಿನಲ್ಲಿ ಇಡ್ತೀವಿ. ಮುಂದೆ ಮಗೂಗೆ ದೊಡ್ಡ ಕಾಯಿಲೆ ಬಂದ್ರೆ ಉಪಯೋಗಕ್ಕೆ ಬರುತ್ತೆ. ಹೆರಿಗೆ ಆದ್ಮೇಲೆ ಕೇಳಿದ್ರೆ ಸಿಗಲ್ಲ" ಎಂದು ಫಾರಂ ಕೊಟ್ಟು ಹೋದಳು. ಅಂದಿನಿಂದ ಮಗಳಿಗೆ ಊಟ ಸೇರಲಿಲ್ಲ. "ಬೇಡ ಅಂದು, ನಾಳೆ ಏನಾದ್ರೂ ಆದ್ರೆ?"

ಯಲ್ಲದಕೆರೆಯ ನನ್ನ ಅತ್ತೆ ಹೇಳಿದರು: "ಸೆಲ್ಲು ವೀಕಾದ್ರೆ ಬಿಸಿಲಿಗಿಡ್ತಾರೆ ಕಣವ್ವ. ತಂಪಿಗ್ಯಾರು ಇಡ್ತಾರೆ?"

"ಟಾರ್ಚಿನ ಸೆಲ್ಲಲ್ಲ ಅತ್ತೆ, ಜೀವಕೋಶ."

"ಹಂಗಂದ್ರೆ?"

ಓದಿದ್ದನ್ನೆಲ್ಲ ಕೆದಕಿ ಉತ್ತರ ಕೊಟ್ಟೆ: "ಸೆಲ್ಲು."

೨. ಬಜೆ

"ನಮ್ಮ ಬಳ್ಳಿ ಇಟ್ಟಿದೀಯಲ್ಲಮ್ಮ, ಅದಾಗಲ್ವಾ?" ಎಂದಳು ಮಗಳು. ಮಕ್ಕಳಿಬ್ಬರ ಒಣಗಿ ಉದುರಿದ ಹೊಕ್ಕುಳಬಳ್ಳಿಯನ್ನು ಹೆಸರು, ದಿನ, ಗಳಿಗೆ ಬರೆದು ಲಕೋಟೆಯಲ್ಲಿ ಇಟ್ಟವಳು ನಾನು. ಒಣಗಿದ್ದು ಆಗಲಾರದೆಂದು ಗೊತ್ತಿದ್ದರೂ ಹೆಮ್ಮೆಗೆ ತೆಗೆದು ತೋರಿಸಿದೆ. ಅತ್ತೆ ಮಗನ ಲಕೋಟೆಯಲ್ಲಿದ್ದುದನ್ನು ಮೂಸಿದರು. "ಇದು ಮಕ್ಕಳಿಗೆ ತೇಯೋ ಬಜೆ ಅಲ್ವೇನೆ?"

"ಹಾಗಾದರೆ ಅವನ ಬಳ್ಳಿ?"

ಅತ್ತೆ ಇನ್ನೊಮ್ಮೆ ಮೂಸಿ ನೋಡಿದರು. "ಅವನಿಗೆ ಹೊಟ್ಟೆನೋವು ಅಂತ ಒಂದ್ಸಲ ತೇಯ್ದು ನೆಕ್ಸಿದ್ದೆ. ಎಷ್ಟು ತೇಯ್ದ್ರೂ ಬಜೆ ವಾಸ್ನೆನೇ ಬರ್ಲಿಲ್ಲ. ಆದ್ರೆ ನೋವು ನಿಂತಿತ್ತು ಕಣವ್ವ."

ಮಗಳು ಫಾರಂ ಹರಡಿ ಪೆನ್ನು ಕೇಳಿದಳು.

೩. ಹೆಪ್ಪು

ಸಹಿಗೆ ಮುಂಚೆ ಡಾಕ್ಟರಮ್ಮನನ್ನು ಕೇಳೋಣವೆಂದು ಮೂವರೂ ಹೋದೆವು. "ಇಡಿಸಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ" ಎಂದರು ಅವರು. ಬರೆದುಕೊಂಡೆ. "ಆದ್ರೆ ಹುಟ್ಟಿನಿಂದ ಬಂದ ರಕ್ತದ ಕಾಯಿಲೆಯಾದ್ರೆ, ಅದೇ ದೋಷ ಆ ಸೆಲ್ಲಿನಲ್ಲೂ ಇರುತ್ತೆ. ಆಗ ಬೇರೆಯವರದ್ದೇ ಬೇಕು. ತನ್ನದು ತನಗೇ ಬೇಕಾಗೋದು ಬಹಳ ಅಪರೂಪ." ಬರೆದದ್ದನ್ನು ಹೊಡೆದುಹಾಕಿದೆ.

ಅತ್ತೆ ಮಾತ್ರ ತಲೆಯಾಡಿಸಿದರು. "ಹೆಪ್ಪಿನಂಗೆ. ನಮ್ಮನೆ ಮೊಸ್ರು ಲೋಳೆಯಾದ್ರೆ ಅದ್ನೇ ಮತ್ತೆ ಹೆಪ್ಪು ಹಾಕ್ತೀವಾ? ಪಕ್ಕದ್ಮನೆಯಿಂದ ತರ್ತೀವಿ."

"ಅಷ್ಟೇ ಅಜ್ಜಿ" ಎಂದರು ಡಾಕ್ಟರಮ್ಮ. ಆ ಮಧ್ಯಾಹ್ನ ಮಗಳು ಎರಡು ಮುದ್ದೆ ಉಂಡಳು.

ಸಂಜೆ ಕಂಪನಿಯಾಕೆ ಫಾರಂ ಕೇಳಿಕೊಂಡು ಬಂದಾಗ ಅತ್ತೆಯೇ ಬಾಗಿಲಿಗೆ ಹೋದರು.

"ನಮ್ದು ಬ್ಯಾಡ್ರಿ. ಪಕ್ಕದ್ಮನೆ ಸೊಸೆಗೆ ಏಳು ತಿಂಗ್ಳು ತುಂಬೈತೆ, ಅವರ್ದು ಇಡ್ರಿ. ಬೇಕಾದಾಗ ನಾವೇ ಲೋಟ ತಗಂಡು ಬರ್ತೀವಿ."